ಶ್ರೀಲಂಕಾದಲ್ಲಿ ಬಸ್ಸಿನಲ್ಲೇ ತಿರುಗಬಹುದಾ? ಶಿರಸಿಯ ಓದುಗರಿಗೆ ಉತ್ತರ

ಪ್ರಶ್ನೆ: ನಾನು ಶಿರಸಿಯವಳು. ಫೆಬ್ರವರಿಯಲ್ಲಿ ನಾನು, 68 ವರ್ಷದ ಅಮ್ಮ ಮತ್ತು ಕಾಲೇಜಿಗೆ ಹೋಗುವ ಮಗಳು, ಮೂರೇ ಜನ, ಹತ್ತು ದಿನ ಶ್ರೀಲಂಕಾಕ್ಕೆ ಹೋಗಬೇಕು ಅಂತಿದ್ದೇವೆ. ಡ್ರೈವರ್ ಸಮೇತ ಕಾರು ಮಾಡಿಕೊಳ್ಳಿ ಅಂತ ಎಲ್ಲರೂ ಹೇಳುತ್ತಿದ್ದಾರೆ. ಅಷ್ಟು ದುಡ್ಡು ಕೊಡಲು ಮನಸ್ಸಿಲ್ಲ, ಮೇಲಾಗಿ ಹಾಗೆ ಹೋದರೆ ಊರು ನೋಡಿದ ಹಾಗೆ ಆಗುವುದಿಲ್ಲ ಅನಿಸುತ್ತದೆ. ಬಸ್ಸಿನಲ್ಲೇ ತಿರುಗಬಹುದಾ? ಭಾಷೆ ಬರುವುದಿಲ್ಲ. ಅಮ್ಮನಿಗೆ ಮಂಡಿ ನೋವು, ಮಗಳಿಗೆ ಘಟ್ಟ ಅಂದರೆ ವಾಂತಿ. ನಾವು ಸಸ್ಯಾಹಾರಿಗಳು.

ಉತ್ತರ: ತಿರುಗಬಹುದು ತಂಗಿ. ಧೈರ್ಯವಾಗಿ ಹೊರಡಿ. ಆದರೆ ಮೂರು ಮಾತು ಮೊದಲೇ ಒಪ್ಪಿಕೊಳ್ಳಬೇಕು. ಕತ್ತಲಾದ ಮೇಲೆ ಬಸ್ಸು ಹತ್ತಬಾರದು. ಒಂದು ದಿನಕ್ಕೆ ನಾಲ್ಕು ತಾಸಿಗಿಂತ ಜಾಸ್ತಿ ಬಸ್ಸಿನಲ್ಲಿ ಕೂರಬಾರದು. ತೊಡೆಯ ಮೇಲೆ ಇಟ್ಟುಕೊಳ್ಳಲಾಗದ ಬ್ಯಾಗು ಶಿರಸಿಯಿಂದಲೇ ಹೊರಡಬಾರದು. ಇಷ್ಟು ಆದರೆ ಉಳಿದದ್ದೆಲ್ಲ ನಿಮಗೆ ಗೊತ್ತಿರುವ ವಿದ್ಯೆಯೇ. ಕಾರವಾರಕ್ಕೆ ಹೋಗಲು ಕುಮಟಾದಲ್ಲಿ ಇಳಿದು ಬಸ್ಸು ಬದಲಿಸಿದವರಿಗೆ, ಮಳೆಗಾಲದಲ್ಲಿ ದೇವಿಮನೆ ಘಟ್ಟ ಬಂದ್ ಆದರೆ ಯಾವ ದಾರಿ ಅಂತ ಕಂಟ್ರೋಲರ್ ಹತ್ತಿರ ವಿಚಾರಿಸಿದವರಿಗೆ ಶ್ರೀಲಂಕಾದ ಬಸ್ಸು ಹೊಸದೇನಲ್ಲ.

ನಾನು ಕುಮಟಾದವನು. ಸಾರಿಗೆ ಸಂಸ್ಥೆಯಲ್ಲಿ ಮೊದಲು ಕಂಡಕ್ಟರ್ ಆಗಿ, ಆಮೇಲೆ ಕಂಟ್ರೋಲರ್ ಆಗಿ ಕೆಲಸ ಮಾಡಿ ನಿವೃತ್ತನಾದೆ. ಆಮೇಲೆ ಮೂರು ಸಲ ಶ್ರೀಲಂಕಾಕ್ಕೆ ಹೋಗಿ ಬಂದೆ, ಮೂರೂ ಸಲ ಬಸ್ಸಿನಲ್ಲೇ ತಿರುಗಿದೆ. ನನಗೆ ಊರಿಗಿಂತ ಮೊದಲು ಕಣ್ಣಿಗೆ ಬೀಳುವುದು ಅಲ್ಲಿನ ಬಸ್‌ಸ್ಟ್ಯಾಂಡು. ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಬಸ್ಸಿನ ವಿಷಯ. ಅಲ್ಲಿಯೂ ನಮ್ಮ ಹಾಗೆ ರಸ್ತೆಯ ಎಡಗಡೆಗೇ ಓಡಿಸುತ್ತಾರೆ, ಬಾಗಿಲು ಎಡಕ್ಕೆ, ಡ್ರೈವರ್ ಬಲಕ್ಕೆ. ಹೆಚ್ಚಿನ ಗಾಡಿಗಳು ಅಶೋಕ್ ಲೇಲ್ಯಾಂಡ್, ಟಾಟಾ. ಲೇಲ್ಯಾಂಡಿನ ಜೊತೆ ಸೇರಿ ಶ್ರೀಲಂಕಾದವರು 1982ರಲ್ಲೇ ಅಲ್ಲಿ ಕಂಪನಿ ಮಾಡಿಕೊಂಡಿದ್ದಾರೆ. ಹಾಗಾಗಿ ಗೇರು ಹಾಕುವ ಸದ್ದು ಕೇಳಿದರೆ ನಿಮಗೆ ಊರಿನ ನೆನಪೇ ಆಗುತ್ತದೆ. ಕೆಂಪು ಬಸ್ಸು ಸರ್ಕಾರದ್ದು. ಸರ್ಕಾರ 1958ರ ಜನವರಿ 1ರಂದು ಖಾಸಗಿ ಬಸ್ಸುಗಳನ್ನು ತನ್ನ ಕೈಗೆ ತೆಗೆದುಕೊಂಡು ಸಿಲೋನ್ ಟ್ರಾನ್ಸ್‌ಪೋರ್ಟ್ ಬೋರ್ಡ್ ಮಾಡಿತು. ಆಮೇಲೆ ಹೆಸರು ಬದಲಾಗಿದೆ, ಖಾಸಗಿಯವರೂ ವಾಪಸ್ ಬಂದಿದ್ದಾರೆ, ಆದರೆ ಜನ ಇವತ್ತಿಗೂ ಕೆಂಪು ಬಸ್ಸಿಗೆ ಸಿಟಿಬಿ ಅಂತಲೇ ಹೇಳುತ್ತಾರೆ. ನೀವೂ ಸಿಟಿಬಿ ಎಲ್ಲಿ ಅಂತಲೇ ಕೇಳಿ. ಖಾಸಗಿ ಬಸ್ಸುಗಳು ಬಿಳಿ, ನೀಲಿ, ನಾನಾ ಬಣ್ಣದವು. ಖಾಸಗಿಯವರು ಸೀಟು ತುಂಬುವ ತನಕ ಸ್ಟ್ಯಾಂಡಿನಲ್ಲಿ ಕೂಗುತ್ತಾ ನಿಲ್ಲುತ್ತಾರೆ, ಹೊರಟ ಮೇಲೆ ಹಿಂದಿನ ಬಸ್ಸು ಮುಂದೆ ಹೋಗಬಾರದು ಅಂತ ಓಡಿಸುತ್ತಾರೆ. ಕೆಂಪು ಬಸ್ಸು ಸಾಮಾನ್ಯವಾಗಿ ಸಮಾಧಾನದ್ದು. ನಿಮ್ಮ ಮೂವರ ಪರಿಸ್ಥಿತಿಗೆ, ಅದರಲ್ಲೂ ಘಟ್ಟದ ದಾರಿಗೆ, ನಾನು ಕೆಂಪು ಬಸ್ಸನ್ನೇ ಹೇಳುತ್ತೇನೆ, ಹದಿನೈದು ನಿಮಿಷ ಕಾಯಬೇಕಾದರೂ ಪರವಾಗಿಲ್ಲ.

ಸಾದಾ ಬಸ್ಸಿನಲ್ಲಿ ಒಂದು ಕಡೆ ಮೂರು ಸೀಟು, ಇನ್ನೊಂದು ಕಡೆ ಎರಡು. ಮೂರರ ಸಾಲು ಸಿಕ್ಕಿದರೆ ಮೂವರೂ ಒಟ್ಟಿಗೆ ಕೂರಬಹುದು, ಅದಕ್ಕೇ ಪ್ರಯತ್ನಿಸಿ. ಎಸಿ ಇರುವ ಸಣ್ಣ ಬಸ್ಸುಗಳೂ ಇವೆ. ಅವುಗಳ ನಡುದಾರಿಯಲ್ಲಿ ಮಡಚುವ ಸೀಟು ಇರುತ್ತದೆ, ಜನ ಅದನ್ನೂ ಬಿಡಿಸಿ ಕೂತ ಮೇಲೆ ಹಿಂದಿದ್ದವರು ಇಳಿಯಬೇಕೆಂದರೆ ನಾಲ್ಕು ಜನ ಏಳಬೇಕು. ಮಂಡಿ ನೋವಿನವರನ್ನು ಅಂಥ ಬಸ್ಸಿನ ಹಿಂದಿನ ಸೀಟಿಗೆ ಕಳಿಸಬೇಡಿ.

ದರ ನಮ್ಮ ಲೆಕ್ಕದಲ್ಲಿ ಕಡಿಮೆಯೇ. ಭಾರತದ ಒಂದು ರೂಪಾಯಿಗೆ ಅಲ್ಲಿನ ಹೆಚ್ಚುಕಡಿಮೆ ಮೂರೂವರೆ ರೂಪಾಯಿ. ನೂರು ಕಿಲೋಮೀಟರಿನ ಸಾದಾ ಬಸ್ಸಿಗೆ ಅಲ್ಲಿನ ಕೆಲವು ನೂರು ರೂಪಾಯಿ ಆಗುತ್ತದೆ. ಸೆಮಿ ಲಕ್ಷುರಿ ಅಂತ ಇದೆ, ಅದಕ್ಕೆ ಸಾದಾ ದರದ ಒಂದೂವರೆ ಪಟ್ಟು. ಎಸಿಗೆ ಎರಡು ಪಟ್ಟು. ಸೆಮಿ ಲಕ್ಷುರಿಗೆ ಜಾಸ್ತಿ ಕೊಟ್ಟು ಸಿಗುವುದು ಅಂಥದ್ದೇನಿಲ್ಲ, ಸುಮ್ನೆ ಸಾದಾ ಬಸ್ಸು ಹತ್ತಿ. ಉದ್ದದ ದಾರಿಯಲ್ಲಿ ಸೆಕೆ ತಡೆಯಲಾಗದಿದ್ದರೆ ಎಸಿ. ದುಡ್ಡು ಕಂಡಕ್ಟರ್ ಬಸ್ಸು ಹೊರಟ ಮೇಲೆ ಬಂದು ತೆಗೆದುಕೊಳ್ಳುತ್ತಾರೆ. ನಮ್ಮಲ್ಲಿ ಚಿಲ್ಲರೆ ಇಲ್ಲದಿದ್ದರೆ ಟಿಕೆಟ್ ಹಿಂದೆ ಬರೆದುಕೊಡುತ್ತೇವೆ ಅಲ್ವಾ? ಅಲ್ಲಿ ಬರೆಯುವುದಿಲ್ಲ, ನೆನಪಿಟ್ಟುಕೊಳ್ಳುತ್ತಾರೆ. ಮಾತಲೆಯ ದಾರಿಯಲ್ಲಿ ಒಬ್ಬ ಹುಡುಗ ಕಂಡಕ್ಟರ್, ನೋಟುಗಳನ್ನು ಉದ್ದಕ್ಕೆ ಮಡಚಿ ಬೆರಳ ಸಂದಿಯಲ್ಲಿ ಒಂದೊಂದು ಬೆಲೆಯದು ಒಂದೊಂದು ಕಡೆ ಇಟ್ಟುಕೊಂಡಿದ್ದ. ನಾನು ಸಾವಿರದ ನೋಟು ಕೊಟ್ಟೆ. ತಲೆ ಅಲ್ಲಾಡಿಸಿ ಮುಂದೆ ಹೋದ. ಮುಕ್ಕಾಲು ತಾಸು ಕಳೆಯಿತು, ಬಸ್ಸು ಎರಡು ಸಲ ತುಂಬಿ ಖಾಲಿ ಆಯಿತು. ಆಮೇಲೆ ಜನರ ತಲೆಗಳ ಮೇಲಿಂದ ಒಂದು ಕೈ ಬಂತು, ಮಡಚಿದ ನೋಟುಗಳು, ಲೆಕ್ಕ ಸರಿಯಾಗಿ. ನಾನು ಅಷ್ಟು ವರ್ಷ ಇದೇ ಕೆಲಸ ಮಾಡಿದವನು, ಆದರೂ ಆ ನೆನಪಿನ ಶಕ್ತಿಗೆ ಕೈ ಮುಗಿಯಬೇಕು ಅನಿಸಿತು. ಮರೆತರೆ ಕೇಳಲು ಸಂಕೋಚ ಬೇಡ. ‘ಇತುರು ಸಲ್ಲಿ’ ಅಂದರೆ ಬಾಕಿ ಚಿಲ್ಲರೆ. ಆದಷ್ಟು ನೂರರ ನೋಟುಗಳನ್ನು ಇಟ್ಟುಕೊಳ್ಳಿ.

ಭಾಷೆಯ ಭಯ ಬಿಡಿ. ದೊಡ್ಡ ಬೋರ್ಡುಗಳಲ್ಲಿ ಸಿಂಹಳ, ತಮಿಳು, ಇಂಗ್ಲಿಷ್ ಮೂರೂ ಇರುತ್ತವೆ. ಸಿಂಹಳದ ಅಕ್ಷರ ನಮ್ಮ ಅಕ್ಷರದ ಹಾಗೆಯೇ ದುಂಡಗೆ ಇರುತ್ತದೆ, ನೋಡಿದರೆ ಓದಲು ಬರುತ್ತದೇನೋ ಅನಿಸುತ್ತದೆ, ಬರುವುದಿಲ್ಲ. ಮಾತು ಹೇಳುತ್ತೇನೆ, ನಾಲ್ಕೇ ಸಾಕು. ‘ಕೊಹೆದ’ ಅಂದರೆ ಎಲ್ಲಿ. ‘ಕೀಯದ’ ಅಂದರೆ ಎಷ್ಟು. ‘ಬಹಿನವಾ’ ಅಂದರೆ ಇಳಿಯುತ್ತೇನೆ, ಇದನ್ನು ಸ್ಟಾಪಿಗೆ ಮುಂಚೆಯೇ ಗಟ್ಟಿಯಾಗಿ ಹೇಳಬೇಕು. ಬಸ್ಸಿಗೆ ‘ಬಸ್ ಎಕ’ ಅನ್ನುತ್ತಾರೆ. ಹಾಗಾಗಿ ‘ದಂಬುಳ್ಳ ಬಸ್ ಎಕ ಕೊಹೆದ?’ ಅಂದರೆ ಯಾರಾದರೂ ಕೈ ಹಿಡಿದು ಕರೆದುಕೊಂಡು ಹೋಗಿ ಹತ್ತಿಸುತ್ತಾರೆ. ಅಕ್ಕ ಅನ್ನುವುದು ಅಲ್ಲಿಯೂ ಅಕ್ಕನೇ. ಅಣ್ಣನಿಗೆ ‘ಅಯ್ಯ’, ತಮ್ಮನಿಗೆ ‘ಮಲ್ಲಿ’, ತಂಗಿಗೆ ‘ನಂಗಿ’. ಕಂಡಕ್ಟರ್ ನಿಮಗಿಂತ ಚಿಕ್ಕವನಾದರೆ ಮಲ್ಲಿ ಅಂತ ಕರೆಯಿರಿ. ಸಂಬಂಧ ಕಟ್ಟಿ ಕರೆದರೆ ಕೆಲಸ ಬೇಗ ಆಗುವುದು ನಮ್ಮಲ್ಲೂ ಹಾಗೇ, ಅಲ್ಲೂ ಹಾಗೇ. ಟೀ ತೋಟಗಳ ಗುಡ್ಡದ ಕಡೆ ತಮಿಳು ಮಾತಾಡುವವರು ತುಂಬಾ ಜನ, ಅಲ್ಲಿ ನಿಮಗೆ ಬರುವ ಹರಕುಮುರುಕು ತಮಿಳೂ ಸಾಕು.

ಆದರೆ ಒಂದು ಹೆಸರಿನ ಗೊಂದಲ ಇದೆ, ಇದನ್ನು ಗಟ್ಟಿ ನೆನಪಿಡಿ. ನಾವು ಕ್ಯಾಂಡಿ ಅನ್ನುವ ಊರಿಗೆ ಅಲ್ಲಿನವರು ಮಹನುವರ ಅನ್ನುತ್ತಾರೆ, ಮಾತಿನಲ್ಲಿ ಬರೇ ‘ನುವರ’. ಗುಡ್ಡದ ಮೇಲಿನ ತಣ್ಣಗಿನ ಊರು ನುವರ ಎಳಿಯ. ಎರಡೂ ಬೇರೆ ಬೇರೆ, ನಡುವೆ ಸುಮಾರು 75 ಕಿಲೋಮೀಟರ್. ನಾನು ಮೊದಲ ಸಲ ಹೋದಾಗ ಹಟ್ಟನ್‌ನಲ್ಲಿ ನುವರ ಎಳಿಯಕ್ಕೆ ಹೋಗಬೇಕಾಗಿತ್ತು. ಬಸ್ಸು ಹೊರಡುತ್ತಿತ್ತು, ಅವಸರದಲ್ಲಿ ‘ನುವರ, ನುವರ?’ ಅಂತ ಕೇಳಿದೆ. ಹೌದು ಅಂತ ಹತ್ತಿಸಿಕೊಂಡರು. ಗಿನಿಗತ್‌ಹೇನ ಬಂದಾಗ ಸೆಕೆ ಶುರುವಾಯಿತು, ರಸ್ತೆ ಇಳಿಯುತ್ತಾ ಹೋಗುತ್ತಿದೆ, ಏರುತ್ತಿಲ್ಲ. ಆಗ ಗೊತ್ತಾಯಿತು ಇದು ಕ್ಯಾಂಡಿ ಬಸ್ಸು ಅಂತ. ಅವರ ತಪ್ಪು ಏನೂ ಇಲ್ಲ, ನಾನು ಕೇಳಿದ್ದಕ್ಕೇ ಅವರು ಉತ್ತರ ಕೊಟ್ಟಿದ್ದು. ಅವತ್ತಿನ ಅರ್ಧ ದಿನ ಹೋಯಿತು. ಹಾಗೆಯೇ ಕೊಲಂಬೊಗೆ ಕೊಳಂಬ, ಗಾಲ್‌ಗೆ ಗಾಲ್ಲ, ಜಾಫ್ನಾಕ್ಕೆ ಸಿಂಹಳದಲ್ಲಿ ಯಾಪನಯ, ತಮಿಳಿನಲ್ಲಿ ಯಾಳ್ಪಾಣಂ. ರೂಟ್ ನಂಬರ್ ಕೂಡ ಇರುತ್ತದೆ. ಕೊಲಂಬೊ–ಕ್ಯಾಂಡಿ 1, ಕೊಲಂಬೊ–ಗಾಲ್–ಮಾತರ 2, ಕೊಲಂಬೊ–ಬದುಳ್ಳ 99. ನಂಬರ್ ನೋಡಿ, ಹೆಸರು ಪೂರ್ತಿ ಹೇಳಿ, ಹತ್ತಿದ ಮೇಲೆ ಕಂಡಕ್ಟರ್ ಹತ್ತಿರ ಇನ್ನೊಮ್ಮೆ ಕೇಳಿ.

ಈಗ ದಾರಿ. ನೀವು ದಾರಿ ಬರೆದು ಕಳಿಸಿಲ್ಲ, ಆದ್ದರಿಂದ ನಾನೇ ಒಂದು ಹೇಳುತ್ತೇನೆ. ಮೊದಲ ದಿನ ಕೊಲಂಬೊಗೆ ಹೋಗಲೇಬೇಡಿ. ವಿಮಾನ ಇಳಿಯುವುದು ಕಟುನಾಯಕದಲ್ಲಿ, ಅದು ಕೊಲಂಬೊದಿಂದ ಉತ್ತರಕ್ಕೆ 30 ಕಿಲೋಮೀಟರಿಗಿಂತ ಜಾಸ್ತಿ. ಅಲ್ಲಿಂದ ನೆಗೊಂಬೊ ಹತ್ತಿರ. ಮೀನುಗಾರರ ಊರು, ಹಾಯಿ ಕಟ್ಟಿದ ದೋಣಿ, ಒಣಮೀನು ಹರಡಿದ ದಂಡೆ. ಕಾರವಾರ, ತದಡಿ ನೋಡಿದವರಿಗೆ ಪರಕೀಯ ಅನಿಸುವುದಿಲ್ಲ. ಆ ರಾತ್ರಿ ಅಲ್ಲಿ ಮಲಗಿ. ಮರುದಿನ ಬೆಳಗ್ಗೆ ನೆಗೊಂಬೊದಿಂದ ಕುರುಣೇಗಲ ಬಸ್ಸು. ಕುರುಣೇಗಲ ಅಂದರೆ ಅಲ್ಲಿನ ಹುಬ್ಬಳ್ಳಿ ಅಂದುಕೊಳ್ಳಿ, ನಾಲ್ಕೂ ದಿಕ್ಕಿನ ಬಸ್ಸು ಸಿಗುತ್ತದೆ. ಊರಿನ ಮೇಲೆ ಆನೆ ಮಲಗಿದ ಹಾಗೆ ದೊಡ್ಡ ಬಂಡೆ ಇದೆ. ಅಲ್ಲಿ ಊಟ ಮಾಡಿ, ಅಮ್ಮನಿಗೆ ಕಾಲು ನೀಡಲು ಸಮಯ ಕೊಟ್ಟು, ದಂಬುಳ್ಳ ಬಸ್ಸು ಹತ್ತಿ.

ದಂಬುಳ್ಳದಲ್ಲಿ ಎರಡು ರಾತ್ರಿ. ಗುಹೆಗಳ ದೇವಸ್ಥಾನ ಊರಲ್ಲೇ ಇದೆ, ಮೆಟ್ಟಿಲು ಇದೆ, ಅಮ್ಮ ನಿಧಾನಕ್ಕೆ ಹತ್ತಬಹುದು ಅಥವಾ ಕೆಳಗೆ ಕೂರಬಹುದು. ಸಿಗಿರಿಯ ಅಲ್ಲಿಂದ ಸುಮಾರು 20 ಕಿಲೋಮೀಟರ್, ಲೋಕಲ್ ಬಸ್ಸು ಹೋಗುತ್ತದೆ. ಆದರೆ ಸಿಗಿರಿಯ ಬಂಡೆಗೆ ಸಾವಿರಕ್ಕೂ ಹೆಚ್ಚು ಮೆಟ್ಟಿಲು, ಅದನ್ನು ಅಮ್ಮನಿಗೆ ಹೇಳಬೇಡಿ. ಕೆಳಗಿನ ತೋಟ, ನೀರಿನ ಕೊಳಗಳನ್ನು ನೋಡಿ ಅವರು ನೆರಳಲ್ಲಿ ಕೂರಲಿ, ನೀವೂ ಮಗಳೂ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹತ್ತಿ ಇಳಿದು ಬನ್ನಿ.

ದಂಬುಳ್ಳದಿಂದ ಕ್ಯಾಂಡಿಗೆ ಸುಮಾರು 70 ಕಿಲೋಮೀಟರ್. ಜಾಫ್ನಾ, ಅನುರಾಧಪುರ, ಟ್ರಿಂಕೊಮಲಿ ಕಡೆಯಿಂದ ಬರುವ ಬಸ್ಸುಗಳೂ ಈ ದಾರಿಯಲ್ಲೇ ಹೋಗುವುದರಿಂದ ಕಾಯುವ ಕೆಲಸ ಇಲ್ಲ. ನಡುವೆ ಮಾತಲೆ. ಅಲ್ಲಿ ಮುತ್ತುಮಾರಿ ಅಮ್ಮನ ದೊಡ್ಡ ಗೋಪುರದ ದೇವಸ್ಥಾನ ರಸ್ತೆಗೇ ಕಾಣುತ್ತದೆ, ಇಳಿದು ನೋಡಿ ಮುಂದಿನ ಬಸ್ಸು ಹಿಡಿಯಬಹುದು. ಬಸ್ಸಿನಲ್ಲಿ ತಿರುಗುವುದರ ಲಾಭವೇ ಅದು, ಎಲ್ಲಿ ಬೇಕಾದರೂ ಇಳಿಯಬಹುದು, ಹಿಂದೆ ಇನ್ನೊಂದು ಬರುತ್ತದೆ. ಅದೇ ರಸ್ತೆಯಲ್ಲಿ ಮಸಾಲೆ ತೋಟ ಅಂತ ಬೋರ್ಡುಗಳು ತುಂಬಾ ಇವೆ. ಕಾಳುಮೆಣಸು, ಏಲಕ್ಕಿ, ಅಡಿಕೆ ಮನೆ ಹಿಂದೆ ಬೆಳೆಯುವ ನೀವು ಅದಕ್ಕೆ ಸಮಯ ಕೊಡುವುದು ಬೇಡ. ಕ್ಯಾಂಡಿಯಲ್ಲಿ ಎರಡು ರಾತ್ರಿ. ಅಲ್ಲಿ ಉದ್ದದ ದಾರಿಯ ಬಸ್ಸುಗಳು ರೈಲು ನಿಲ್ದಾಣದ ಹತ್ತಿರದ ಗುಡ್‌ಶೆಡ್ ಕಡೆಯಿಂದ ಹೊರಡುತ್ತಿದ್ದವು, ಈಚೆಗೆ ಹೊಸ ನಿಲ್ದಾಣದ ಕೆಲಸದಿಂದ ಜಾಗ ಆಚೀಚೆ ಮಾಡಿದ್ದಾರೆ. ಹೊರಡುವ ಹಿಂದಿನ ಸಂಜೆಯೇ ಹೋಗಿ ಎಲ್ಲಿ ನಿಲ್ಲುತ್ತದೆ ಅಂತ ನೋಡಿಕೊಂಡು ಬನ್ನಿ. ಇದು ಕ್ಯಾಂಡಿಗೆ ಮಾತ್ರ ಅಲ್ಲ, ಪ್ರತಿ ಊರಲ್ಲೂ ಹೀಗೇ ಮಾಡಿ.

ಕ್ಯಾಂಡಿಯಿಂದ ನುವರ ಎಳಿಯದ ಘಟ್ಟ ಮಗಳಿಗೆ ಕಷ್ಟದ ದಾರಿ. ರಾಂಬೊಡ ಜಲಪಾತದ ಹತ್ತಿರ ತಿರುವಿನ ಮೇಲೆ ತಿರುವು, ಎರಡೂ ಕಡೆ ಟೀ ತೋಟ. ದೇವಿಮನೆ ಘಟ್ಟಕ್ಕಿಂತ ತುಂಬಾ ಉದ್ದ, ನುವರ ಎಳಿಯ ಇರುವುದೇ 1,868 ಮೀಟರ್ ಎತ್ತರದಲ್ಲಿ. ಹೊಟ್ಟೆ ತುಂಬಾ ತಿನ್ನದೆ, ಪೂರ್ತಿ ಖಾಲಿಯೂ ಬಿಡದೆ, ಎರಡು ಇಡ್ಲಿಯಷ್ಟು ತಿಂದು ಹತ್ತಲಿ. ಮುಂದಿನ ಚಕ್ರಕ್ಕೆ ಹತ್ತಿರದ ಸೀಟು, ಕಿಟಕಿ ತೆರೆದದ್ದು, ಕಣ್ಣು ದೂರದ ರಸ್ತೆಯ ಮೇಲೆ, ಮೊಬೈಲ್ ಚೀಲದೊಳಗೆ. ವಾಂತಿ ಮಾತ್ರೆ ಬೇಕಾದರೆ ಇಲ್ಲಿಯೇ ಡಾಕ್ಟರ್ ಹತ್ತಿರ ಕೇಳಿ ತೆಗೆದುಕೊಂಡು ಹೋಗಿ, ಹತ್ತುವುದಕ್ಕೆ ಎಷ್ಟು ಹೊತ್ತು ಮುಂಚೆ ನುಂಗಬೇಕು ಅಂತಲೂ ಕೇಳಿ. ಬಸ್ಸು ಹೊರಟ ಮೇಲೆ ನುಂಗಿದರೆ ಉಪಯೋಗ ಕಡಿಮೆ.

ನುವರ ಎಳಿಯದಲ್ಲಿ ಒಂದು ರಾತ್ರಿ. ಅಲ್ಲಿಂದ ‘ಎಲ್ಲ’ ಅನ್ನುವ ಊರಿಗೆ ನೇರ ಬಸ್ಸು ಹುಡುಕುತ್ತಾ ಕೂರಬೇಡಿ. ವೆಲಿಮಡ, ಅಲ್ಲಿಂದ ಬಂಡಾರವೆಲ, ಅಲ್ಲಿಂದ ‘ಎಲ್ಲ’. ಮೂರು ಬಸ್ಸು, ಮೂರೂ ಸಣ್ಣ ದಾರಿ. ಸಿಂಹಳದಲ್ಲಿ ‘ಎಲ್ಲ’ ಅಂದರೆ ಜಲಪಾತ. ವೆಲಿಮಡ ದಾರಿಯಲ್ಲಿ, ಐದಾರು ಕಿಲೋಮೀಟರಿಗೇ ಸೀತಾ ಎಳಿಯ ಬರುತ್ತದೆ, ಸೀತಮ್ಮನ ದೇವಸ್ಥಾನ, ಪಕ್ಕದಲ್ಲೇ ಹೊಳೆ. ಅಮ್ಮನಿಗೆ ಇದು ಇಡೀ ಪ್ರವಾಸದ ದೊಡ್ಡ ಜಾಗ ಆಗಬಹುದು. ಕಂಡಕ್ಟರಿಗೆ ಮೊದಲೇ ಹೇಳಿ, ನಿಲ್ಲಿಸುತ್ತಾರೆ. ನಾನು ವೆಲಿಮಡದಲ್ಲಿ ಬಸ್ಸು ಬದಲಿಸುವಾಗ ಜೋರು ಮಳೆ. ಒಬ್ಬ ಅಜ್ಜಿ ಕ್ಯಾರೆಟ್ ಮತ್ತು ಉದ್ದುದ್ದ ಲೀಕ್ಸ್ ಸೊಪ್ಪಿನ ಎರಡು ಮೂಟೆ ಇಟ್ಟುಕೊಂಡು ನಿಂತಿದ್ದರು. ಬಸ್ಸು ಬಂದ ಕೂಡಲೇ ಕಂಡಕ್ಟರ್ ಇಳಿದು ಮೂಟೆ ಎತ್ತಿ ಡ್ರೈವರ್ ಪಕ್ಕದ ಬಾನೆಟ್ ಮೇಲೆ ಹಾಕಿದ, ಆಮೇಲೆ ಅಜ್ಜಿಯ ಕೈ ಹಿಡಿದು ಮೆಟ್ಟಿಲು ಹತ್ತಿಸಿದ, ಒಂದು ಹುಡುಗಿ ಕೇಳದೆಯೇ ಎದ್ದು ಸೀಟು ಕೊಟ್ಟಳು. ಬಸ್ಸಿಡೀ ಒದ್ದೆ ಮಣ್ಣಿನ, ಈರುಳ್ಳಿ ಸೊಪ್ಪಿನ ಹಾಗಿನ ವಾಸನೆ. ನಿಮ್ಮ ಅಮ್ಮನ ವಿಷಯದಲ್ಲಿ ನನಗೆ ಧೈರ್ಯ ಬಂದದ್ದು ಇಂಥದ್ದನ್ನು ತುಂಬಾ ಸಲ ನೋಡಿದ್ದಕ್ಕೆ. ಅಲ್ಲಿನ ಬಸ್ಸಿನ ಮೆಟ್ಟಿಲು ಎತ್ತರವೇ, ನಮ್ಮ ಕೆಂಪು ಬಸ್ಸಿನ ಹಾಗೇ. ನೀವು ಮುಂದೆ ಹತ್ತಿ ಮೇಲಿಂದ ಕೈ ಕೊಡಿ, ಮಗಳು ಹಿಂದೆ ನಿಲ್ಲಲಿ, ಇಳಿಯುವಾಗ ಅದರ ಉಲ್ಟಾ. ಊರಿನ ಸ್ಟ್ಯಾಂಡಿನಿಂದಲೇ ಹತ್ತಿ, ದಾರಿ ನಡುವೆ ಕೈ ತೋರಿಸಿ ಹತ್ತಬೇಡಿ. ಅಲ್ಲಿ ಬಸ್ಸು ಪೂರ್ತಿ ನಿಲ್ಲದೆಯೂ ಹತ್ತಿಸಿಕೊಳ್ಳುತ್ತಾರೆ, ಅದು ಅಮ್ಮನಿಗೆ ಆಗದು.

ಸೀಟಿನ ವಿಷಯದಲ್ಲಿ ಒಂದು ಎಚ್ಚರಿಕೆ. ಮುಂದಿನ ಎರಡು ಸೀಟು ಬೌದ್ಧ ಭಿಕ್ಷುಗಳು ಮತ್ತು ಬೇರೆ ಧರ್ಮಗುರುಗಳಿಗೆ ಮೀಸಲು. ಖಾಲಿ ಇದೆ ಅಂತ ಅಮ್ಮನನ್ನು ಕೂರಿಸಿದರೆ ತಪ್ಪೇನಿಲ್ಲ, ಆದರೆ ಭಿಕ್ಷು ಹತ್ತಿದರೆ ಕೂಡಲೇ ಏಳಬೇಕು. ಹೆಂಗಸರು ಭಿಕ್ಷುವಿನ ಪಕ್ಕ ಕೂರುವುದಿಲ್ಲ. ಆದ್ದರಿಂದ ಮೂರನೇ, ನಾಲ್ಕನೇ ಸಾಲು ಒಳ್ಳೆಯದು.

‘ಎಲ್ಲ’ದಲ್ಲಿ ಎರಡು ರಾತ್ರಿ ಇದ್ದು ಕರಾವಳಿಗೆ ಇಳಿಯಿರಿ. ವೆಲ್ಲವಾಯ ಮೂಲಕ ಮಾತರ ಕಡೆಗೆ ಬಸ್ಸು ಇದೆ. ಆರೇಳು ಕಿಲೋಮೀಟರಿಗೆ ರಾವಣ ಜಲಪಾತ ರಸ್ತೆಯ ಅಂಚಿಗೇ ಸಿಗುತ್ತದೆ. ನಾಲ್ಕು ತಾಸಿನ ನನ್ನ ಲೆಕ್ಕ ಮೀರುವುದು ಈ ಒಂದೇ ದಿನ, ಆದ್ದರಿಂದ ಬೆಳಗ್ಗೆ ಏಳಕ್ಕೇ ಹೊರಡಿ. ಮಾತರದಿಂದ ಗಾಲ್ ಸುಮಾರು 45 ಕಿಲೋಮೀಟರ್, ಸಮುದ್ರದ ಬದಿಗೇ ರಸ್ತೆ. ಅಂಕೋಲಾ–ಕಾರವಾರ ದಾರಿಯಲ್ಲಿ ಸಮುದ್ರ ಒಮ್ಮೆ ಕಂಡು ಒಮ್ಮೆ ಮರೆಯಾಗುತ್ತದಲ್ಲ, ಇಲ್ಲಿ ಅದು ಜೊತೆ ಬಿಡುವುದೇ ಇಲ್ಲ. ಗಾಲ್ ಬಸ್‌ಸ್ಟ್ಯಾಂಡಿನಿಂದ ಕೋಟೆಗೆ ನಡೆದೇ ಹೋಗಬಹುದು. ಅಲ್ಲಿ ಕೊನೆಯ ರಾತ್ರಿ.

ಗಾಲ್‌ನಿಂದ ವಾಪಸ್ ಬರಲು ಎರಡು ದಾರಿ. ಹಳೆಯ ಕರಾವಳಿ ರಸ್ತೆಯ 2ನೇ ನಂಬರ್ ಬಸ್ಸು ಮೂರು ತಾಸಿನ ಮೇಲೆ ತೆಗೆದುಕೊಳ್ಳುತ್ತದೆ. ಆ ದಾರಿಯ ಕಳುತರದಲ್ಲಿ ರಸ್ತೆ ಬದಿಗೆ ಬೋಧಿವೃಕ್ಷ ಇದೆ, ಡ್ರೈವರುಗಳು ಗಾಡಿ ನಿಲ್ಲಿಸಿ ಹುಂಡಿಗೆ ಕಾಸು ಹಾಕಿ ಕೈ ಮುಗಿದು ಮುಂದೆ ಹೋಗುತ್ತಾರೆ. ನಮ್ಮ ದೇವಿಮನೆಯ ಹತ್ತಿರ ಡ್ರೈವರು ಸ್ಟಿಯರಿಂಗಿನಿಂದ ಒಂದು ಕೈ ತೆಗೆದು ಎದೆಗೆ ಮುಟ್ಟಿಸಿಕೊಳ್ಳುವುದು ನೆನಪಾಯಿತು ನನಗೆ. ಇನ್ನೊಂದು ದಾರಿ ಎಕ್ಸ್‌ಪ್ರೆಸ್‌ವೇ, 2011ರಲ್ಲಿ ಗಾಲ್ ತನಕ ಶುರುವಾಯಿತು. ಎಸಿ ಬಸ್ಸು, ನಿಂತು ಹೋಗುವವರನ್ನು ಹತ್ತಿಸುವುದಿಲ್ಲ, ಒಂದೂವರೆ ತಾಸಿನೊಳಗೆ ಕೊಲಂಬೊ ಹೊರಗಿನ ಮಾಕುಂಬುರ ನಿಲ್ದಾಣ ತಲುಪಿಸುತ್ತದೆ. ವಿಮಾನದ ದಿನ ಇದನ್ನೇ ಹಿಡಿಯಿರಿ, ಮಾಕುಂಬುರದಿಂದ ವಿಮಾನ ನಿಲ್ದಾಣಕ್ಕೆ ಕಾರು ಮಾಡಿಕೊಳ್ಳಿ. ಪಿಕ್‌ಮಿ, ಊಬರ್ ಎರಡು ಆ್ಯಪೂ ಅಲ್ಲಿ ನಡೆಯುತ್ತವೆ. ಸ್ಟ್ಯಾಂಡಿನಿಂದ ಲಾಡ್ಜಿಗೆ ರಿಕ್ಷಾ ಬೇಕಾದಾಗಲೂ ದೊಡ್ಡ ಊರುಗಳಲ್ಲಿ ಪಿಕ್‌ಮಿ ಬಳಸಿ, ಚೌಕಾಸಿ ತಪ್ಪುತ್ತದೆ.

ಬಸ್ಸನ್ನೇ ಹೊಗಳುತ್ತಾ ಬಂದೆ. ಈಗ ರಾತ್ರಿ ಬೇಡ ಅಂತ ಯಾಕೆ ಅಷ್ಟು ಗಟ್ಟಿಯಾಗಿ ಹೇಳಿದೆ ಅನ್ನುವುದನ್ನು ಬಿಡಿಸಿ ಹೇಳಬೇಕು. 2025ರ ಮೇ 11ರಂದು, ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ, ಕತರಗಾಮದಿಂದ ಕುರುಣೇಗಲಕ್ಕೆ ಹೋಗುತ್ತಿದ್ದ ಬಸ್ಸು ರಾಂಬೊಡ ಹತ್ತಿರದ ‘ಗೆರಂಡಿ ಎಲ್ಲ’ ಅನ್ನುವ ಜಾಗದಲ್ಲಿ ಕಣಿವೆಗೆ ಬಿತ್ತು. 20ಕ್ಕೂ ಹೆಚ್ಚು ಜನ ಹೋದರು. ಬಸ್ಸಿನಲ್ಲಿ ಸೀಟಿಗಿಂತ ಜಾಸ್ತಿ ಜನ ಇದ್ದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ‘ಎಲ್ಲ’–ವೆಲ್ಲವಾಯ ರಸ್ತೆಯಲ್ಲಿ ರಾತ್ರಿ ಹೊತ್ತು ಇನ್ನೊಂದು ಬಸ್ಸು ಬಿದ್ದು 15 ಜನ ಸತ್ತರು. ಎರಡೂ ನೀವು ಹೋಗುವ ದಾರಿಗಳೇ, ಅದಕ್ಕೇ ಮುಚ್ಚಿಡದೆ ಹೇಳುತ್ತಿದ್ದೇನೆ. ಹಗಲು ಇದೇ ರಸ್ತೆಗಳಲ್ಲಿ ನೂರಾರು ಬಸ್ಸು ಓಡುತ್ತವೆ, ಜನ ಶಾಲೆಗೆ, ಸಂತೆಗೆ ಹೋಗಿ ಬರುತ್ತಾರೆ. ಕತ್ತಲು, ನಿದ್ದೆಗೆಟ್ಟ ಡ್ರೈವರ್, ತುಂಬಿದ ಬಸ್ಸು, ಇಳಿಜಾರು, ಈ ನಾಲ್ಕು ಒಟ್ಟಾಗುವ ಜಾಗದಲ್ಲಿ ನೀವು ಇರಬಾರದು, ಅಷ್ಟೇ. ಬಸ್ಸು ಹತ್ತಿ ನೋಡಿದಾಗ ಫುಟ್‌ಬೋರ್ಡ್ ಮೇಲೆ ಜನ ನೇತಾಡುತ್ತಿದ್ದರೆ ಇಳಿದು ಮುಂದಿನದನ್ನು ಕಾಯಿರಿ. ಟಿಕೆಟ್ ದುಡ್ಡು ಕೊಟ್ಟಾಗಿದ್ದರೆ ಅದು ಹೋದರೆ ಹೋಯಿತು.

ಮಳೆಯ ಲೆಕ್ಕವೂ ಹಾಗೆ. 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಬಂದಾಗ ಗುಡ್ಡದ ಕಡೆ ಊರುಗಳೇ ಮಣ್ಣಿನಡಿ ಹೋದವು, ರಸ್ತೆ ಕಿತ್ತಿತು, ರೈಲು ಹಳಿ ಹಾಳಾಯಿತು. 2024ರ ಜುಲೈನಲ್ಲಿ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜರಿದದ್ದನ್ನು ನೋಡಿದ ನಮಗೆ ಅದು ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ನೀವು ಹೋಗುವ ಫೆಬ್ರವರಿ ಗುಡ್ಡಕ್ಕೂ ದಕ್ಷಿಣದ ಕರಾವಳಿಗೂ ಒಳ್ಳೆಯ ಕಾಲ. ಆದರೂ ಒಂದೆರಡು ದಿನ ಜೋರು ಮಳೆ ಹಿಡಿದರೆ ಘಟ್ಟ ಹತ್ತದೆ ಕ್ಯಾಂಡಿಯಲ್ಲೇ ಉಳಿಯಿರಿ. ಕ್ಯಾಂಡಿಯಿಂದ ‘ಎಲ್ಲ’ಕ್ಕೆ ರೈಲು ಚೆಂದ ಅಂತ ಯಾರಾದರೂ ಹೇಳಿರುತ್ತಾರೆ. ಚೆಂದವೇ, ಆದರೆ ಆ ಹಳಿ ಪೂರ್ತಿ ಓಡುತ್ತಿದೆಯಾ ಅಂತ ವಿಚಾರಿಸದೆ ಅದನ್ನು ನಂಬಿ ದಿನ ಇಟ್ಟುಕೊಳ್ಳಬೇಡಿ.

ಇನ್ನು ಹೆಂಗಸರು ಮೂವರೇ ಅಂದಿರಿ. ಹಗಲು ಹೆದರುವ ಹಾಗಿಲ್ಲ. ಆದರೆ ರಶ್ ಇರುವ ಬಸ್ಸಿನಲ್ಲಿ ಕೈ ಹಾಕುವವರ ಕಾಟ ಅಲ್ಲಿಯೂ ಇದೆ, ಅಲ್ಲಿನ ಹೆಂಗಸರೇ ಬೇಸತ್ತು ಮಾತಾಡುವ ವಿಷಯ ಅದು. ಬೆಳಗ್ಗೆ ಏಳೂವರೆಯಿಂದ ಒಂಬತ್ತು, ಸಂಜೆ ನಾಲ್ಕೂವರೆಯಿಂದ ಆರೂವರೆ ದೊಡ್ಡ ಊರುಗಳೊಳಗೆ ಬಸ್ಸು ಹತ್ತಬೇಡಿ. ಮಗಳು ಕಿಟಕಿ ಪಕ್ಕ ಕೂರಲಿ. ಯಾರಾದರೂ ತೊಂದರೆ ಕೊಟ್ಟರೆ ಸುಮ್ಮನಿರಬೇಡಿ, ಕನ್ನಡದಲ್ಲೇ ಗಟ್ಟಿಯಾಗಿ ಕೂಗಿ, ಬಸ್ಸು ನಿಲ್ಲುತ್ತದೆ. ಪೊಲೀಸ್ 119. ಬಸ್ಸಿನ ದೂರಿಗೆ ಅಲ್ಲಿನ ರಾಷ್ಟ್ರೀಯ ಸಾರಿಗೆ ಆಯೋಗದ 1955. ಅಮ್ಮನಿಗೆ ಏನಾದರೂ ಆದರೆ 1990, ಅದು ಉಚಿತ ಆಂಬುಲೆನ್ಸ್. ಭಾರತದ ನೆರವಿನಿಂದ ಶುರುವಾದ ಸೇವೆ ಅದು.

ಊಟ. ಬಸ್ಸು ನಿಂತ ಕಡೆ ವಡೆ ಮಾರುವವರು ಹತ್ತುತ್ತಾರೆ, ವಾಸನೆ ನಮ್ಮ ಮನೆಯ ಅಂಬಡೆಯದ್ದೇ. ‘ಪರಿಪ್ಪು ವಡೆ’ ಬೇಳೆಯದು. ‘ಇಸ್ಸೊ ವಡೆ’ ಬೇಡ, ಅದರ ಮೇಲೆ ಇಡೀ ಸಿಗಡಿ ಕೂರಿಸಿರುತ್ತಾರೆ. ತ್ರಿಕೋನದ ಬನ್ನು ನೋಡಲು ಪಲ್ಯದ ಬನ್ನಿನ ಹಾಗೆ ಇದ್ದರೂ ಅದು ‘ಮಾಳು ಪಾನ್’, ಮಾಳು ಅಂದರೆ ಮೀನು. ತರಕಾರಿಗೆ ‘ಎಳವಳು’, ‘ಎಳವಳು ರೊಟ್ಟಿ’ ಕೇಳಿ. ಕಾಯಿ ಚಟ್ನಿಯಂತೆ ಕಾಣುವ ಪೊಲ್ ಸಂಬೋಲದಲ್ಲಿ ಒಣಮೀನಿನ ಪುಡಿ ಹಾಕುವುದು ರೂಢಿ, ಅದಕ್ಕೆ ‘ಉಂಬಲಕಡ’ ಅನ್ನುತ್ತಾರೆ. ಆ ಶಬ್ದ ಹೇಳಿ ಬೇಡ ಅಂತ ಕೈ ಅಲ್ಲಾಡಿಸಿ. ಊಟಕ್ಕೆ ತಮಿಳರ ಸಸ್ಯಾಹಾರಿ ಹೋಟೆಲು, ‘ಶೈವ’ ಅಂತ ಕೇಳಿದರೆ ತೋರಿಸುತ್ತಾರೆ. ಬಾಳೆಹಣ್ಣು ಎಲ್ಲಾ ಕಡೆ ಸಿಗುತ್ತದೆ. ಮನೆಯಿಂದ ಅವಲಕ್ಕಿ, ಚಟ್ನಿಪುಡಿ ಒಂದಿಷ್ಟು ಇರಲಿ.

ಕಾರೇ ಬೇಡ ಅಂತಲೂ ನಾನು ಹೇಳುವುದಿಲ್ಲ. ನುವರ ಎಳಿಯದಿಂದ ಹಾರ್ಟನ್ ಪ್ಲೇನ್ಸ್ ಅನ್ನುವ ಗುಡ್ಡದ ಮೇಲಿನ ಹುಲ್ಲುಗಾವಲಿಗೆ ಬೆಳಗಿನ ಜಾವ ಹೋಗಬೇಕಾದರೆ, ಯಾಲ ಕಾಡಿಗೆ ಹೋಗಬೇಕಾದರೆ ಬಸ್ಸಿನಿಂದ ಆಗದು. ಅಂಥ ಕಡೆ ಆ ಒಂದು ದಿನಕ್ಕೆ ಗಾಡಿ ಮಾಡಿ. ಅಮ್ಮನಿಗೆ ಸುಸ್ತಾದ ದಿನವೂ ಹಾಗೆಯೇ ಮಾಡಿ, ಅದರಲ್ಲಿ ಹಟ ಬೇಡ.

ದಿನ ಗೊತ್ತು ಮಾಡುವಾಗ ಕ್ಯಾಲೆಂಡರ್ ನೋಡಿ. ಅಲ್ಲಿ ಪ್ರತಿ ಹುಣ್ಣಿಮೆಗೂ ರಜೆ, ‘ಪೋಯ’ ಅನ್ನುತ್ತಾರೆ. ಹಿಂದಿನ ಸಂಜೆ ಮತ್ತು ಮರುದಿನ ಬಸ್ಸು ತುಂಬಿ ತುಳುಕುತ್ತದೆ, ಹುಣ್ಣಿಮೆಗೆ ಒಂದೇ ಊರಲ್ಲಿ ಉಳಿಯುವ ಹಾಗೆ ಇಟ್ಟುಕೊಳ್ಳಿ. ಫೆಬ್ರವರಿ 4 ಅವರ ಸ್ವಾತಂತ್ರ್ಯ ದಿನ, ಅದೂ ರಜೆ. ಹೊರಡುವ ಮೊದಲು ಇಟಿಎ, ಅಂದರೆ ಆ ದೇಶದೊಳಗೆ ಹೋಗಲು ಬೇಕಾದ ಅನುಮತಿಯನ್ನು, ಅಲ್ಲಿನ ಸರ್ಕಾರದ ಅಧಿಕೃತ ವೆಬ್‌ಸೈಟಿನಲ್ಲೇ ಮಾಡಿಸಿ, ನಡುವಿನವರ ಸೈಟಿನಲ್ಲಿ ಬೇಡ. ಶುಲ್ಕದ ನಿಯಮ ಆಗಾಗ ಬದಲಾಗುತ್ತದೆ, ಅಲ್ಲಿಯೇ ನೋಡಿಕೊಳ್ಳಿ.

ಇನ್ನೊಂದು ಕೆಲಸ ಮಾಡಿ. ಪ್ರತಿ ಲಾಡ್ಜಿನಿಂದ ಹೊರಡುವಾಗ ಮಾಲೀಕರ ಹತ್ತಿರ ಒಂದು ಚೀಟಿಯಲ್ಲಿ ಮುಂದಿನ ಊರು, ಎಲ್ಲಿ ಬಸ್ಸು ಬದಲಿಸಬೇಕು, ಅಮ್ಮನಿಗೆ ಮಂಡಿ ನೋವು ಇದೆ, ಇಷ್ಟನ್ನು ಸಿಂಹಳದಲ್ಲಿ ಬರೆಸಿಕೊಳ್ಳಿ. ನಾನು ಎರಡನೇ ಸಲ ಹೋದಾಗಿನಿಂದ ಹೀಗೆ ಮಾಡುತ್ತೇನೆ. ಬಸ್ಸು ಹತ್ತಿದ ಕೂಡಲೇ ಚೀಟಿ ಕಂಡಕ್ಟರ್ ಕೈಗೆ ಕೊಡಿ. ಅವರು ಓದಿ, ಡ್ರೈವರಿಗೂ ಕೇಳುವ ಹಾಗೆ ಗಟ್ಟಿಯಾಗಿ ಇನ್ನೊಮ್ಮೆ ಓದುತ್ತಾರೆ, ಆಮೇಲೆ ಇಡೀ ಬಸ್ಸಿಗೆ ನಿಮ್ಮ ಅಮ್ಮ ಎಲ್ಲಿ ಇಳಿಯಬೇಕು ಅಂತ ಗೊತ್ತಿರುತ್ತದೆ.